ಇನ್ಸುಲಿನ್ ಕೊಟ್ಟರೆ ಸಾಲದು, ಕಲಿಸಿ ಕಳಿಸಿ

ಮಾನ್ಯರೇ,

ನಮ್ಮ ಭಾಗದ ಎಷ್ಟೋ ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಬಳಸುವ ರೀತಿ ಸರಿಯಾಗಿ ತಿಳಿಯದೆಯೇ ಆಸ್ಪತ್ರೆಯಿಂದ ಮನೆಗೆ ಬರುತ್ತಿದ್ದಾರೆ. ನಮ್ಮ ಓಣಿಯ ಅಜ್ಜಿಯೊಬ್ಬರು ಇನ್ಸುಲಿನ್ ಬಾಟಲಿಯನ್ನು ಫ್ರೀಜರ್‌ನಲ್ಲಿ, ಐಸ್ ಟ್ರೇ ಪಕ್ಕ ಇಟ್ಟಿದ್ದರು. ತಂಪಾಗಿರಲಿ ಎಂದಷ್ಟೇ ಅವರಿಗೆ ಹೇಳಿದ್ದರಂತೆ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬರುವುದಿಲ್ಲ. ತೆರೆಯದ ಬಾಟಲಿಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ಫ್ರೀಜರ್ ಬಿಟ್ಟು ಫ್ರಿಜ್ಜಿನ ಕೆಳಭಾಗದಲ್ಲಿ ಇಡಬೇಕು.

ಇನ್ನೊಂದು ಮಾತು. ಇನ್ಸುಲಿನ್ ಚುಚ್ಚಿಕೊಂಡು, ರೊಟ್ಟಿ ತಿನ್ನದೆ ಹೊಲಕ್ಕೆ ಹೋದರೆ ಸಕ್ಕರೆ ಅಂಶ ಇಳಿದು ಮೈ ಬೆವರಬಹುದು, ಕೈ ನಡುಗಬಹುದು. ಪ್ರಜ್ಞೆ ಇದ್ದರೆ ತಕ್ಷಣ ಮೂರು ಸಣ್ಣ ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಸಬೇಕು. ಆದರೆ ‘ಸಕ್ಕರೆ ಕಾಯಿಲೆಗೆ ಸಕ್ಕರೆನಾ?’ ಎಂದು ಮನೆಯವರು ಹೆದರುತ್ತಾರೆ.

ಸುಮ್ನೆ ನರ್ಸುಗಳನ್ನು ದೂರಿ ಪ್ರಯೋಜನವಿಲ್ಲ. ವಾರ್ಡ್ ತುಂಬಿರುವಾಗ ಕೂತು ತಿಳಿಸಿ ಹೇಳಲು ಅವರಿಗೆ ಪುರಸೊತ್ತಾದರೂ ಎಲ್ಲಿ, ಅಲ್ವಾ? ಡಿಸ್ಚಾರ್ಜ್ ಆಗುವವರಿಗೆ ಕಲಿಸಲೆಂದೇ ಆಸ್ಪತ್ರೆಗಳು ಒಬ್ಬ ಸಿಸ್ಟರನ್ನು ನೇಮಿಸಲಿ. ರೋಗಿಯ ಜೊತೆ ಮನೆಯವರೊಬ್ಬರನ್ನೂ ಕೂರಿಸಿಕೊಂಡು, ಅವರ ಕೈಯಿಂದಲೇ ಸಿರಿಂಜಿಗೆ ಔಷಧಿ ಎಳೆಸಿ ನೋಡಿದ ಮೇಲೆಯೇ ಚೀಟಿಗೆ ಸಹಿ ಹಾಕಲಿ.

– ಒಬ್ಬ ಓದುಗ, ರೋಣ, ಗದಗ ಜಿಲ್ಲೆ