ಸಫ್ರೆನ್‌ನ ಬೆವರಿದ ಅಂಗಿ

ಪ್ರೀತಿಯ ತಮ್ಮಾ,

ನಮ್ಮ ಕಡಲಲ್ಲಿ ಇಂಗ್ಲಿಷರ ವಿರುದ್ಧ ಕಾದಾಡಿದ ಫ್ರೆಂಚ್ ನೌಕಾ ಸೇನಾನಿ ಸಫ್ರೆನ್ ಬಗ್ಗೆ ನೀನು ಬರೆದದ್ದನ್ನು ಎರಡು ಸಲ ಓದಿದೆ. 1729ರಲ್ಲಿ ಫ್ರಾನ್ಸ್‌ನ ಪ್ರೊವಾನ್ಸ್ ಸೀಮೆಯಲ್ಲಿ ಹುಟ್ಟಿದ, ಹಡಗು ಹತ್ತಿದ, 1788ರಲ್ಲಿ ಪ್ಯಾರಿಸ್‌ನಲ್ಲಿ ಸತ್ತ. ಎಲ್ಲ ಸರಿ. 'ಮಹಾನ್ ಸೇನಾನಿ' ಅಂತ ಏಳು ಕಡೆ ಬರೆದಿದ್ದೀಯ. ಆದರೆ ಅವನು ಒಂದು ಕಡೆಯೂ ಬೆವರಲಿಲ್ಲವಲ್ಲೋ!

ವಿಲಿಯಂ ಹಿಕಿ ಅಂತ ಕಲ್ಕತ್ತೆಯ ಒಬ್ಬ ಇಂಗ್ಲಿಷ್ ವಕೀಲ ಅವನನ್ನು ಸಿಂಹಳದ ಬಂದರು ತ್ರಿಕೋಣಮಲೆಯಲ್ಲಿ ಕಂಡಿದ್ದ. ನೋಡೋಕೆ ಗಿಡ್ಡ, ದಪ್ಪ ಕಸಾಯಿಯ ಹಾಗಿದ್ದ ಅಂತ ಬರೆದಿಟ್ಟಿದ್ದಾನೆ. ಒರಟು ಬಟ್ಟೆಯ ಅಂಗಿ ಬೆವರಿಗೆ ತೊಯ್ದಿತ್ತು. ಕತ್ತಿನ ಹತ್ತಿರ ಬಿಚ್ಚಿಕೊಂಡಿತ್ತು. ತೋಳು ಮೊಣಕೈ ಮೇಲಕ್ಕೆ ಮಡಚಿತ್ತು. ಇಂಥದ್ದು ಸಿಕ್ಕಾಗ ಸುಮ್ನೆ ಬಿರುದು ಯಾಕೆ ಪೋಣಿಸುತ್ತೀಯ?

1782ರ ಜುಲೈ 6ಕ್ಕೆ ನೀನು ಕೊಟ್ಟಿದ್ದು ಒಂದೇ ಸಾಲು. ನಾಗಪಟ್ಟಣದ ಎದುರಿನ ಕಾಳಗ ಅದು. ಸಫ್ರೆನ್ ಕಡೆಯ 'ಸೆವೇರ್' ಹಡಗಿನ ಕಪ್ತಾನ ಬಾವುಟ ಇಳಿಸಿಬಿಟ್ಟ, ಅಂದರೆ ಶರಣು. ಅವನ ಕೈಕೆಳಗಿನವರೇ ಒಪ್ಪಲಿಲ್ಲ, ಕಾಳಗ ಮುಂದುವರಿಸಿದರು. ಸಫ್ರೆನ್ ಆಮೇಲೆ ಆ ಕಪ್ತಾನನನ್ನು ಕೆಲಸದಿಂದ ಕಿತ್ತುಹಾಕಿದ. ತನ್ನ ಕಪ್ತಾನರ ಮೇಲೆ ಅವನಿಗೆ ಎಷ್ಟು ಸಿಟ್ಟಿತ್ತು ಅನ್ನೋದು ಇಲ್ಲಿಂದಲೇ ಹಿಡಿಯಬಹುದು. ಅಲ್ಲಿಂದಲೇ ಶುರು ಮಾಡು. ಹುಟ್ಟಿದ ಊರು ಆಮೇಲೆ ಬಂದರಾಯಿತು.

ಇನ್ನು ಹೈದರಾಲಿ. ನಮ್ಮ ಶ್ರೀರಂಗಪಟ್ಟಣದವನು ಅಂತ ನಿನಗೆ ಖುಷಿ, ಗೊತ್ತು. ಅದೇ ಜುಲೈ ಕೊನೆಗೆ ಇಬ್ಬರೂ ಕಡಲೂರಿನ ಹತ್ತಿರ ಭೇಟಿಯಾದದ್ದು ನಿಜ. ಆದರೆ ನೀನು ಅವರ ಬಾಯಿಗೆ ತುರುಕಿದ ಮೂರು ಪುಟದ ಮಾತು ತೆಗೆದುಹಾಕು. ಯಾರೂ ಕೇಳದ ಮಾತು ಅದು. ಅದರ ಬದಲು ಹಡಗು ನೋಡು. ಆ ಕರಾವಳಿಯಲ್ಲಿ ಸಫ್ರೆನ್‌ಗೆ ಸರಿಯಾದ ಬಂದರೇ ಇರಲಿಲ್ಲ. ದೊಡ್ಡ ಹಡಗಿನ ಪಟಸ್ತಂಭ ಮುರಿದರೆ ಚಿಕ್ಕ ಹಡಗಿನದನ್ನು ಕಿತ್ತು ನಿಲ್ಲಿಸಬೇಕು. ಆಗಸ್ಟ್ ಕೊನೆಗೆ ಅವನು ತ್ರಿಕೋಣಮಲೆಯನ್ನು ಹಿಡಿದದ್ದು ಯಾಕೆ ಅಂತ ಆಗ ಓದುಗನಿಗೆ ತಾನಾಗೇ ಗೊತ್ತಾಗುತ್ತೆ, ಅಲ್ವಾ? ಎದುರಾಳಿ ಇಂಗ್ಲಿಷ್ ನೌಕಾ ಸೇನಾನಿ ಹ್ಯೂಸ್ ಬರುವ ಹೊತ್ತಿಗೆ ಕೋಟೆ ಇಂಗ್ಲಿಷರ ಕೈಬಿಟ್ಟು ಹೋಗಿತ್ತು.

ಕೊನೆಗೆ ಗೆಲುವು-ಸೋಲಿನ ಪಟ್ಟಿ ಬೇಡ. ಸಫ್ರೆನ್, ಹ್ಯೂಸ್ ಇಬ್ಬರ ನಡುವೆ ಐದು ಕಾಳಗ ನಡೆದವು. 1783ರ ಜೂನ್‌ನಲ್ಲಿ ಕಡಲೂರಿನ ಎದುರು ನಡೆದದ್ದೇ ಕೊನೆಯದು, ಅದಾದ ಕೆಲವೇ ದಿನಕ್ಕೆ ಶಾಂತಿಯ ಸುದ್ದಿ ಬಂತು. ಊರಿಗೆ ಮರಳುವ ದಾರಿಯಲ್ಲಿ ಆಫ್ರಿಕದ ದಕ್ಷಿಣ ತುದಿಯ ಕೇಪ್‌ನಲ್ಲಿ, ಅವನ ವಿರುದ್ಧ ಕಾದಾಡಿದ ಇಂಗ್ಲಿಷ್ ಕಪ್ತಾನರೇ ಬಂದು ಅವನಿಗೆ ಗೌರವ ಸಲ್ಲಿಸಿದರು. ಅದಕ್ಕೆ ಅರ್ಧ ಪುಟ ಕೊಡು.

ತಿದ್ದಿದ್ದನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಕಳಿಸು. ಕನ್ನಡಕ ಬದಲಾಯಿಸೋದು ಇನ್ನೂ ಬಾಕಿ ಇದೆ.

ನಿನ್ನ ಅಣ್ಣ