ಪಾಡ್‌ಕಾಸ್ಟ್‌ಗೆ ಸಿನಿಮಾ ಹಾಡೇ ಏಕೆ?

ಮಾನ್ಯರೇ,

ಟೊಮೆಟೊ ಧಾರಣೆ, ರೇಷ್ಮೆಗೂಡಿನ ದರ, ಊರಿನ ಶಾಸನ, ಪರೀಕ್ಷೆ ತಯಾರಿ ಹೀಗೆ ಏನೇ ವಿಷಯವಿರಲಿ, ಫೋನಿನಲ್ಲೇ ಪಾಡ್‌ಕಾಸ್ಟ್ ಮಾಡುವ ಉತ್ಸಾಹ ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆಯೂ ಇದೆ. ಮಾತು ನಮ್ಮದೇ, ಶುರುವಿನ ಸಂಗೀತ ಮಾತ್ರ ಸಿನಿಮಾದಿಂದ ಕತ್ತರಿಸಿ ತಂದದ್ದು. ‘30 ಸೆಕೆಂಡಿನೊಳಗೆ ಬಳಸಿದರೆ ಏನೂ ಆಗದು’ ಎನ್ನುವವರು ಬಹಳ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅಂಥ ಸೆಕೆಂಡಿನ ಲೆಕ್ಕವೇ ಇಲ್ಲ. ಅದೇ ಹಾಡನ್ನು ಹಳೆಯ ವಿಡಿಯೊ ಗೇಮಿನ ದನಿಯಲ್ಲಿ ಬಾರಿಸಿಕೊಂಡರೂ ಬಚಾವಾಗಲಾಗದು. ಧ್ವನಿಮುದ್ರಣದ ಹಕ್ಕು ಒಂದು, ಸ್ವರ ಸಂಯೋಜನೆಯ ಹಕ್ಕು ಇನ್ನೊಂದು. ದನಿ ಬದಲಾದರೂ ಎರಡನೆಯದು ಅಲ್ಲೇ ಇರುತ್ತದೆ.

ಗೇಮಿನ ದನಿ ಇಷ್ಟವಿದ್ದರೆ ಹೊಸ ರಾಗವನ್ನೇ ಕಟ್ಟಿಕೊಳ್ಳಬಹುದು. ಹಳೆಯ ಗೇಮ್ ಚಿಪ್ಪಿನ ದನಿಯಲ್ಲಿ ಕಟ್ಟುವ ಇಂಥ ಸಂಗೀತವೇ ಚಿಪ್‌ಟ್ಯೂನ್. ಅದಕ್ಕೆ ಸ್ಟುಡಿಯೊ ಬೇಡ, ಮೈಕೂ ಬೇಡ. 1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೊ ಫ್ಯಾಮಿಕಾಮ್ ಎಂಬ ಗೇಮ್ ಯಂತ್ರದ ಚಿಪ್‌ಗೆ ಇದ್ದದ್ದು ಐದೇ ಚಾನೆಲ್, ಅಂದರೆ ಐದೇ ದನಿ: ಎರಡು ಪಲ್ಸ್ (ಚೂಪು ದನಿ), ಒಂದು ಟ್ರಯಾಂಗಲ್ (ಮೆದು ದನಿ), ಒಂದು ನಾಯ್ಸ್ (ಬುಸ್ ಎನ್ನುವ ಸದ್ದು), ಮುದ್ರಿತ ಸದ್ದಿಗೊಂದು. ವಿಂಡೋಸ್‌ನಲ್ಲಿ ಫ್ಯಾಮಿಟ್ರ್ಯಾಕರ್, ಮ್ಯಾಕ್ ಮತ್ತು ಲಿನಕ್ಸ್ ಇದ್ದವರಿಗೆ ಫ್ಯಾಮಿಸ್ಟುಡಿಯೊ, ಈ ಚಿಪ್‌ನ ದನಿಯಲ್ಲಿ ಸಂಗೀತ ಬರೆಯುವ ಈ ಎರಡೂ ತಂತ್ರಾಂಶ ಉಚಿತ. ಒಂದು ಚಾನೆಲ್ ಒಮ್ಮೆಗೆ ಒಂದೇ ಸ್ವರ ನುಡಿಯುತ್ತದೆ. ಈ ಬಡತನವೇ ಹೊಸಬರಿಗೆ ಅನುಕೂಲ, ಕೆಡಿಸಲು ಹೆಚ್ಚೇನೂ ಇರುವುದಿಲ್ಲ.

ಆದರೂ ಕೆಡುತ್ತದೆ. ಮೊದಲು ಕೆಡುವುದು ಲೆಕ್ಕದಲ್ಲಿ. ಅಲ್ಲಿ ಸ್ವರಗಳನ್ನು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಬರೆಯಬೇಕು, ಕಾಲ ಅಳೆಯುವುದು ಫ್ರೇಮು ಎಂಬ ಪುಟ್ಟ ಮಿಡಿತದಲ್ಲಿ. ಫ್ಯಾಮಿಟ್ರ್ಯಾಕರ್ ತೆರೆದಾಗ ಸ್ಪೀಡ್ 6, ಟೆಂಪೊ 150 ಇರುತ್ತದೆ. ಸೆಕೆಂಡಿಗೆ 60 ಫ್ರೇಮು, ಸಾಲಿಗೆ 6 ಫ್ರೇಮು, ಅಂದರೆ ಸೆಕೆಂಡಿಗೆ 10 ಸಾಲು. 64 ಸಾಲಿನ ಒಂದು ಕಟ್ಟು, ಅಂದರೆ ಪ್ಯಾಟರ್ನ್, 6.4 ಸೆಕೆಂಡಿಗೆ ಮುಗಿಯುತ್ತದೆ. ನಮ್ಮ ಕಡೆಯವರು ತಮಟೆಯ ಆರರ ಗತ್ತನ್ನು ಇದಕ್ಕೆ ಹೂಡಿದರೆ ಕೊನೆಯಲ್ಲಿ ನಾಲ್ಕು ಸಾಲು ಉಳಿದು ತಾಳ ಮುಗ್ಗರಿಸುತ್ತದೆ. 64 ಆರರಿಂದ ಭಾಗವಾಗುವುದಿಲ್ಲವಲ್ಲ. ಸಾಲಿನ ಸಂಖ್ಯೆಯನ್ನು 96ಕ್ಕೆ, ಹೈಲೈಟನ್ನು (ಎಷ್ಟು ಸಾಲಿಗೊಮ್ಮೆ ಬಣ್ಣದ ಗುರುತು ಎಂಬುದನ್ನು) 6ಕ್ಕೆ ಬದಲಿಸಿ. 16 ಆವರ್ತ, 9.6 ಸೆಕೆಂಡು. ಶೀರ್ಷಿಕೆ ಸಂಗೀತಕ್ಕೆ ಇದಕ್ಕಿಂತ ಉದ್ದ ಬೇಕಿಲ್ಲ.

ತಮಟೆ ಎಂದದ್ದು ಸುಮ್ಮನೆ ಅಲ್ಲ. ಮುನಿವೆಂಕಟಪ್ಪನವರ ತಮಟೆಗೆ 2023ರಲ್ಲಿ ಪದ್ಮಶ್ರೀ ಬಂದ ಜಿಲ್ಲೆ ಚಿಕ್ಕಬಳ್ಳಾಪುರ. ಈ ಚಿಪ್‌ಗೂ ಆ ವಾದ್ಯಕ್ಕೂ ಚೆನ್ನಾಗಿ ಒಗ್ಗುತ್ತದೆ. ತೆಳು ಕಡ್ಡಿಯ ಹೊಡೆತಕ್ಕೆ ನಾಯ್ಸ್ ಒಂದೇ ಸಾಕು: ವಾಲ್ಯೂಮ್ ಎನ್ವಲಪ್ (ಫ್ರೇಮಿಗೊಂದರಂತೆ ದನಿಯ ಮಟ್ಟ) 10, 6, 3, 1, 0 ಎಂದು ಬರೆದರೆ ಸೆಕೆಂಡಿನ ಹನ್ನೆರಡನೇ ಒಂದು ಭಾಗದಲ್ಲಿ ‘ಟಕ್’ ಎಂದು ಆರುತ್ತದೆ. ದಪ್ಪ ಕೋಲಿನ ಹೊಡೆತಕ್ಕೆ ನಾಯ್ಸ್‌ನ ಸ್ಥಾಯಿ ಇಳಿಸಿ, ಅದೇ ಸಾಲಿನಲ್ಲಿ ಟ್ರಯಾಂಗಲ್ ಸ್ವರವನ್ನು ನಾಲ್ಕು ಫ್ರೇಮಿನೊಳಗೆ ಒಂದು ಆಕ್ಟೇವ್ ಕೆಳಗೆ ಜಾರಿಸಿ ಕಟ್ ಮಾಡಬೇಕು. ಕಟ್ ಮರೆತರೆ ಟ್ರಯಾಂಗಲ್ ಗುಂಯ್‌ಗುಡುತ್ತಲೇ ಇರುತ್ತದೆ, ಆ ಚಾನೆಲ್‌ಗೆ ವಾಲ್ಯೂಮೇ ಇಲ್ಲ. ಇದ್ದರೆ ಪೂರ್ತಿ ಇರುತ್ತದೆ, ಇಲ್ಲದಿದ್ದರೆ ಇಲ್ಲ. ಕಲಾವಿದರು ಬಾರಿಸಿದ ತಮಟೆಯ ಮುದ್ರಣವನ್ನೇ ಐದನೇ ಚಾನೆಲ್‌ಗೆ ತುರುಕುವ ಆಸೆ ಬರುತ್ತದೆ. ಅವರನ್ನು ಕೇಳದೆ ಬೇಡ. ಕೇಳಿದ ಮೇಲೂ ಅಲ್ಲಿ ಅದು ಒಡಕು ದನಿಯಾಗಿಯೇ ಬರುತ್ತದೆ.

ರಾಗಕ್ಕೆ ಮೊದಲ ಪಲ್ಸ್. ಪಲ್ಸ್‌ನ ಅಲೆ ಎಷ್ಟು ಪಾಲು ಹೊತ್ತು ಮೇಲಿರುತ್ತದೆ ಎಂಬುದೇ ಡ್ಯೂಟಿ. ಅದನ್ನು ಶೇ 12.5ಕ್ಕೆ ಇಟ್ಟರೆ ಇಯರ್‌ಫೋನಿನಲ್ಲಿ ಕಿವಿ ಚುಚ್ಚುತ್ತದೆ, 50 ಇಟ್ಟರೆ ಟೊಳ್ಳು, 25 ಹಿತ. ಮೋಹನದಂಥ ಐದು ಸ್ವರದ ರಾಗ ಸಲೀಸು. ತೋಡಿಯಂಥದ್ದಕ್ಕೆ ಕೈ ಹಾಕಿದರೆ ಪ್ರತಿ ಗಮಕವನ್ನೂ ಸ್ಲೈಡ್ ಆಗಿ ಬರೆಯಬೇಕಾಗುತ್ತದೆ, ಅಷ್ಟು ಮಾಡಿದರೂ ಹಾರ್ಮೋನಿಯಂ ಕಲಿಯುವ ಮಗುವಿನ ಕೈಯಂತೆ ಕೇಳಿಸುತ್ತದೆ. ಎರಡನೇ ಪಲ್ಸ್‌ನಲ್ಲಿ ಎಲ್ಲರೂ ಮಾಡುವುದು 047 ಆರ್ಪೆಜಿಯೊ, ಅಂದರೆ ಮೂರು ಸ್ವರವನ್ನು ಒಂದರ ಹಿಂದೊಂದು ಸರಸರನೆ ತಿರುಗಿಸುವ ಆ ಗುಳುಗುಳು ಸದ್ದು. ಒಂದೆರಡು ಕಡೆ ಚೆಂದ. ಉದ್ದಕ್ಕೂ ಹಾಕಿದರೆ ಮೂರನೇ ಸಂಚಿಕೆಗೇ ಕೇಳುಗರು ಬೇಸತ್ತು ಮುಂದಕ್ಕೆ ಓಡಿಸುತ್ತಾರೆ. ಅದರ ಬದಲು ಮೊದಲ ಪಲ್ಸ್‌ನ ಸ್ವರಗಳನ್ನೇ ಮೂರು ಸಾಲು ತಡವಾಗಿ, ವಾಲ್ಯೂಮ್ 4ರಲ್ಲಿ ಎರಡನೆಯದರಲ್ಲಿ ಬರೆದರೆ ನಂದಿಬೆಟ್ಟದಲ್ಲಿ ಕೂಗಿದ ಹಾಗೆ ಪ್ರತಿಧ್ವನಿ ಬರುತ್ತದೆ.

ಟ್ರಯಾಂಗಲ್‌ನಲ್ಲಿ ಬಾಸ್, ಅಂದರೆ ಮಂದ್ರ ಸ್ವರ, ಬರೆಯುವಾಗ ಫೋನಿನ ಸ್ಪೀಕರ್ ನೆನಪಿರಲಿ. ಫ್ಯಾಮಿಟ್ರ್ಯಾಕರ್‌ನಲ್ಲಿ ಒಂದೇ ಸ್ವರ ಬರೆದರೂ ಟ್ರಯಾಂಗಲ್ ಪಲ್ಸ್‌ಗಿಂತ ಒಂದು ಆಕ್ಟೇವ್ ಕೆಳಗೆ ನುಡಿಯುತ್ತದೆ. 200 ಹರ್ಟ್ಸ್‌ನ ಕೆಳಗಿನದು ಪುಟ್ಟ ಸ್ಪೀಕರ್‌ನಲ್ಲಿ ಇದ್ದೂ ಇಲ್ಲದಂತೆ. ಹೆಡ್‌ಫೋನ್ ಹಾಕಿ ಬರೆದವರಿಗೆ ಇದು ಗೊತ್ತಾಗುವುದೇ ಇಲ್ಲ. ಒಂದು ಆಕ್ಟೇವ್ ಮೇಲೆ ಬರೆಯಿರಿ.

ಮಾತು ಶುರುವಾದಾಗ ಸಂಗೀತದ ದನಿ ತಗ್ಗಿಸುವುದು ರೂಢಿ. ಚಿಪ್‌ಟ್ಯೂನ್‌ಗೆ ಅದಷ್ಟೇ ಸಾಲದು. ಕ, ಚ, ಟ, ಸದಂಥ ವ್ಯಂಜನಗಳ ಸ್ಪಷ್ಟತೆ ಹೆಚ್ಚಾಗಿ ಇರುವುದು 2ರಿಂದ 5 ಕಿಲೋಹರ್ಟ್ಸ್‌ನಲ್ಲಿ. ಪಲ್ಸ್‌ನ ಮೇಲ್‌ಸ್ವರಗಳು ಬಂದು ಕೂರುವುದೂ ಅಲ್ಲೇ. ಆದ್ದರಿಂದ ಮಾತಿನಡಿಗೆ ಬೇರೆಯೇ ಒಂದು ಪ್ಯಾಟರ್ನ್ ಮಾಡಿ, ಎರಡೂ ಪಲ್ಸ್ ಸುಮ್ಮನಿರಲಿ, ಟ್ರಯಾಂಗಲ್ ಮತ್ತು ತೆಳು ನಾಯ್ಸ್ ಮಾತ್ರ ಉಳಿಯಲಿ. ಅದೂ ಮಾತಿಗಿಂತ 18ರಿಂದ 20 ಡೆಸಿಬೆಲ್ ಕಡಿಮೆ ಇರಲಿ.

ಇನ್ನು ಫೈಲಿನ ವಿಚಾರ. 44,100 ಹರ್ಟ್ಸ್‌ನ ವೇವ್ ಫೈಲಾಗಿ ತೆಗೆದು ಆಡಾಸಿಟಿ ಎಂಬ ಧ್ವನಿ ಸಂಕಲನ ತಂತ್ರಾಂಶಕ್ಕೆ ಹಾಕಿ. ಶುರುವಿನಲ್ಲಿ ‘ಟಪ್’ ಎಂದರೆ ಅದು ಡಿಸಿ ಆಫ್‌ಸೆಟ್, ಅಂದರೆ ಅಲೆ ಸೊನ್ನೆಯ ಗೆರೆಯಿಂದ ಸರಿದಿರುವುದು. ನಾರ್ಮಲೈಸ್‌ನಲ್ಲಿ ಅದನ್ನು ತೆಗೆದು 5 ಮಿಲಿಸೆಕೆಂಡಿನ ಫೇಡ್ ಕೊಡಿ. ನಾಯ್ಸ್ ಚಾನೆಲ್ ಎಂದರೆ ಎಂಪಿ3ಗೆ ಆಗದು. 64 ಕೆಬಿಪಿಎಸ್‌ನಷ್ಟು ಹಿಂಡಿದರೆ ತಮಟೆ ಪೆಟ್ಟು ಬಿಂದಿಗೆಯಲ್ಲಿ ನೀರು ಕಲಕಿದಂತಾಗುತ್ತದೆ. 11 ಕಿಲೋಹರ್ಟ್ಸ್‌ನ ಮೇಲಿನದನ್ನು ಲೋ ಪಾಸ್ ಫಿಲ್ಟರ್‌ನಿಂದ ಇಳಿಸಿ, ಪೂರ್ತಿ ಸಂಚಿಕೆ ಜೋಡಿಸಿದ ಮೇಲೆ ಒಮ್ಮೆ ಮಾತ್ರ ಎಂಪಿ3 ಮಾಡಿ. ಸಂಚಿಕೆಯ ಒಟ್ಟು ಮಟ್ಟ ಮೈನಸ್ 16 ಎಲ್‌ಯುಎಫ್‌ಎಸ್ (ಕಿವಿಗೆ ಕೇಳಿಸುವ ಜೋರಿನ ಅಳತೆ; ಅದರ ಒಂದು ಹೆಜ್ಜೆ ಎಲ್‌ಯು), ಪೀಕ್ ಮೈನಸ್ 1 ಡೆಸಿಬೆಲ್. ಪಲ್ಸ್‌ನ ಚೌಕ ಅಲೆ ಪೀಕ್ ಮೀಟರಿನಲ್ಲಿ ಮಾತಿನಷ್ಟೇ ಎತ್ತರ ಕಂಡರೂ ಕಿವಿಗೆ ಜೋರು. ಶೀರ್ಷಿಕೆ ಸಂಗೀತ ಮಾತಿಗಿಂತ 2-3 ಎಲ್‌ಯು ಕೆಳಗೇ ಇರಲಿ.

ಕಾಲೇಜುಗಳ ಪತ್ರಿಕೋದ್ಯಮ ವಿಭಾಗಗಳು ಪಾಡ್‌ಕಾಸ್ಟ್ ಪಾಠ ಮಾಡುವಾಗ ಇದಕ್ಕೆ ಎರಡು ಪ್ರಾಯೋಗಿಕ ತರಗತಿ ಕೊಟ್ಟರೂ ಸಾಕು. ಮೌಲ್ಯಮಾಪನ ಮಾತ್ರ ಲ್ಯಾಬಿನ ದೊಡ್ಡ ಸ್ಪೀಕರಿನಲ್ಲಿ ಬೇಡ. ಚಿಂತಾಮಣಿ ಬಸ್ಸಿನ ಹಿಂದಿನ ಸೀಟಿನಲ್ಲಿ, ಫೋನಿನ ಸ್ಪೀಕರಿನಲ್ಲಿ ಕೇಳಿ ಅಂಕ ಕೊಡಲಿ.

— ಚಿಪ್‌ಟ್ಯೂನ್ ಆಸಕ್ತ ಓದುಗರು, ಚಿಂತಾಮಣಿ