ಯಾರ ಪೈಕಿ?

ಪ್ರಿಯ ಓದುಗರೇ,

ಈ ಸಲ ನೀವು ಕಳಿಸಿದ ಕಥೆಗಳ ಪೈಕಿ ಮೂರರಲ್ಲಿ ಹೊರಗಿನವನೊಬ್ಬ ಹಳ್ಳಿಗೆ ಬರುತ್ತಾನೆ. ಒಂದರಲ್ಲಿ ಮೇಷ್ಟ್ರು, ಒಂದರಲ್ಲಿ ಡಾಕ್ಟರು, ಇನ್ನೊಂದರಲ್ಲಿ ಬ್ಯಾಂಕಿನವರು. ಬಸ್ಸಿಳಿದ ಕೂಡಲೇ ಅರಳಿಕಟ್ಟೆಯಲ್ಲಿ ಕೂತವರು ಕೇಳುತ್ತಾರೆ: 'ಯಾವೂರು ನಿಮ್ದು? ಯಾರ ಪೈಕಿ?' ಅಷ್ಟಕ್ಕೇ ಮೂವರೂ ಒಂಟಿಯಾಗಿಬಿಡುತ್ತಾರೆ.

ನಾನು ಚಿತ್ರದುರ್ಗದ ಭರಮಸಾಗರದ ಕಡೆಯವನು. ನಮ್ಮಲ್ಲಿ ಅದು ಒಳಗೆ ಕರೆದುಕೊಳ್ಳಲು ಕೇಳುವ ಮಾತು. ಒಂದು ಹೆಸರು ತಾಳೆಯಾದರೆ ಸಾಕು, 'ಓ, ಅವರ ಬೀಗರಾ? ಬರ್ರಿ, ಮುದ್ದೆ ಉಂಡು ಹೋಗ್ರಿ.' ತಾಳೆಯಾಗದಿದ್ದರೆ ಜಗಲಿಯ ಮೇಲೆ ಒಂದು ಚೊಂಬು ನೀರು. ಆ ಮಾತಿನಲ್ಲಿ ಜಾತಿ ಕೇಳುವುದೂ ಇದೆ. ಕೆಲವರಿಗೆ ಆ ಚೊಂಬೂ ಸಿಗುವುದಿಲ್ಲ. ಕಥೆ ಬರೆಯುವವರು ಅದನ್ನು ಬಿಟ್ಟು ಬರೆಯಬಾರದು.

ಆದರೆ ಹೊರಗಿನವರು ಅಂದರೆ ಬಸ್ಸಿಳಿದು ಬಂದ ಗಂಡಸೇ ಆಗಬೇಕಾ? ಮನೆಮನೆಯಲ್ಲೂ ಹೊರಗಿಂದ ಬಂದವಳು ಒಬ್ಬಳಿದ್ದಾಳೆ, ಸೊಸೆ. ಶ್ರೀಕೃಷ್ಣ ಆಲನಹಳ್ಳಿಯವರ 'ಪರಸಂಗದ ಗೆಂಡೆತಿಮ್ಮ' ಕಾದಂಬರಿ ಓದಿದವರಿಗೆ ಗೆಂಡೆತಿಮ್ಮನ ಹೆಂಡತಿ ಮರಂಕಿ ನೆನಪಿರುತ್ತಾಳೆ. ಸೋಪು, ಪೌಡರು ಬಯಸಿದ ಅವಳು ಆ ಹಳ್ಳಿಗೆ ಒಗ್ಗಲೇ ಇಲ್ಲ. ಅವಳ ಆಸೆ ಮಾತ್ರ ಊರ ಹೆಣ್ಣುಮಕ್ಕಳಿಗೂ ಅಂಟಿತು.

ನಮ್ಮಜ್ಜಿ ಜಗಳೂರಿನವಳು. ಚಿಕ್ಕ ವಯಸ್ಸಿಗೇ ಮದುವೆಯಾಗಿ ಬಂದವಳನ್ನು ಊರು 'ಜಗಳೂರಮ್ಮ' ಅಂತಲೇ ಕರೆಯಿತು. ಮೊದಮೊದಲು ಬಾವಿಯ ಹತ್ತಿರ ಅವಳ ಕೊಡ ಎಲ್ಲರಿಗಿಂತ ಕೊನೆಗೆ ತುಂಬಬೇಕಿತ್ತಂತೆ. ಆಮೇಲಾಮೇಲೆ ಯಾರಿಗೆ ಹೆರಿಗೆ ನೋವು ಬಂದರೂ 'ಜಗಳೂರಮ್ಮನ್ನ ಕರೀರಿ' ಎನ್ನುತ್ತಿದ್ದರು. ನಡುರಾತ್ರಿ ಯಾರೋ ಲಾಟೀನು ಹಿಡಿದು ಬಾಗಿಲು ಬಡಿಯುವರು. ಅಜ್ಜಿ ಸೆರಗಿನ ತುದಿಗೆ ಒಂದು ಹಿಡಿ ಓಂಕಾಳು ಗಂಟು ಕಟ್ಟಿಕೊಂಡು, ಮಾತಿಲ್ಲದೆ ಹೊರಡುವಳು. ಹೊರಗಿನವಳು ಅಂತ ಇಟ್ಟ ಹೆಸರನ್ನೇ ಊರು ಕಷ್ಟಕ್ಕೆ ಕೂಗುತ್ತಿತ್ತು.

1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾಯಿತು. ಜಗಳೂರು ಆ ಕಡೆ ಹೋಯಿತು, ನಾವು ದುರ್ಗದಲ್ಲೇ ಉಳಿದೆವು. ಅಪ್ಪ ಪೇಪರು ಓದಿ ಹೇಳಿದಾಗ ಅಜ್ಜಿ ಶೇಂಗಾ ಬಿಡಿಸುತ್ತಿದ್ದಳು. ಕೈ ನಿಂತಿತು. 'ಹಂಗಾರೆ ನಾನೀಗ ಬ್ಯಾರೆ ಜಿಲ್ಲೆಯೋಳೇನು?' ಎಂದಳು. ಊರಿಗೆ ಬಂದು ಆಗಲೇ ಐವತ್ತು ವರ್ಷ ದಾಟಿತ್ತು. ಅಪ್ಪನಿಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಮುಂದಿನ ಸಂಚಿಕೆಗೆ ಇಂಥವರ ಕಥೆ ಬರೆದು ಕಳಿಸಿ. ಬರೆಯುವ ಮುಂಚೆ ಊರಿಗೆ ಒಂದು ಫೋನ್ ಮಾಡಿ, ಅವರ ಹೆಸರೇನು ಅಂತ ಕೇಳಿ. ನಮ್ಮಜ್ಜಿಯ ಸ್ವಂತ ಹೆಸರು ನನಗೆ ಗೊತ್ತಾದದ್ದು ಅವಳ ತಿಥಿಯ ಕಾರ್ಡು ಅಚ್ಚಿಗೆ ಕೊಟ್ಟ ದಿನ.